ಅತ್ತೆಯ ಲೆಫ್ಸೆ ಈ ಸಲ ನನ್ನ ಕೈಗೆ: ನಾರ್ವೆಯ ಹಬ್ಬದಡುಗೆ ಬಲ್ಲವರು ಇದ್ದೀರಾ?

ಮಿನ್ನೆಸೋಟ ಸೊಸೆ | 19 ನವೆಂಬರ್ 2025

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವಳು. ಮದುವೆಯಾಗಿ ಮಿನ್ನೆಸೋಟಕ್ಕೆ ಬಂದು ಹದಿಮೂರು ವರ್ಷವಾಯಿತು. ನಮ್ಮ ಯಜಮಾನರ ಮನೆತನದವರು ಮೂಲತಃ ನಾರ್ವೆಯ ಹಾಲಿಂಗ್‌ದಾಲ್ ಕಣಿವೆಯವರು. ಅವರ ಮುತ್ತಜ್ಜನ ಕಾಲದಲ್ಲಿ ಇಲ್ಲಿಗೆ ಬಂದು ಜಮೀನು ಮಾಡಿದರಂತೆ. ಈಗ ಮನೆಯಲ್ಲಿ ನಾರ್ವೆ ಭಾಷೆ ಬಲ್ಲವರು ಯಾರೂ ಉಳಿದಿಲ್ಲ. ಊಟ ಮುಗಿಸಿ ಏಳುವಾಗ ಎಲ್ಲರೂ ಹೇಳುವ ‘ಟಾಕ್ ಫೋರ್ ಮಾತೆನ್’ ಒಂದು ಉಳಿದಿದೆ. ಊಟ ಹಾಕಿದವರಿಗೆ ಧನ್ಯವಾದ ಎಂದು ಅರ್ಥ. ಮೊದಲ ಸಲ ಕೇಳಿದಾಗ ನಮ್ಮಜ್ಜ ಕೈ ತೊಳೆಯಲು ಏಳುವ ಮುಂಚೆ ಹೇಳುತ್ತಿದ್ದ ‘ಅನ್ನದಾತಾ ಸುಖೀಭವ’ ನೆನಪಾಗಿ ಕಣ್ಣು ತುಂಬಿತ್ತು. ಅದನ್ನು ಬಿಟ್ಟರೆ ಉಳಿದಿರುವುದು ಕ್ರಿಸ್‌ಮಸ್ ಅಡುಗೆ.

ಅದರಲ್ಲಿ ಮುಖ್ಯವಾದದ್ದು ಲೆಫ್ಸೆ. ಆಲೂಗಡ್ಡೆಯ ತೆಳು ರೊಟ್ಟಿ ಅನ್ನಬಹುದು. ಬೇಯಿಸಿದ ಆಲೂಗಡ್ಡೆಯನ್ನು ಚಕ್ಕುಲಿ ಒರಳಿನಂಥ ಸಾಧನದಲ್ಲಿ ಒತ್ತಿ, ಬಿಸಿ ಇರುವಾಗಲೇ ಬೆಣ್ಣೆ, ಕೆನೆ, ಉಪ್ಪು, ಚೂರು ಸಕ್ಕರೆ ಬೆರೆಸಿ ರಾತ್ರಿಯಿಡೀ ತಣಿಸುತ್ತಾರೆ. ಮಾರನೆಯ ದಿನ ಮೈದಾ ಕಲಸಿ, ಬಟ್ಟೆ ಹೊದಿಸಿದ ದುಂಡು ಮಣೆಯ ಮೇಲೆ ಲಟ್ಟಿಸಿ, ಅಗಲವಾದ ಕಾವಲಿಯಲ್ಲಿ ಬೇಯಿಸುವುದು. ಲಟ್ಟಣಿಗೆಗೆ ಉದ್ದಕ್ಕೂ ಗೀರು ಇರುತ್ತದೆ. ರೊಟ್ಟಿ ಎಷ್ಟು ತೆಳು ಎಂದರೆ ಕೈಯಲ್ಲಿ ಎತ್ತಿದರೆ ಹರಿಯುತ್ತದೆ. ಅದಕ್ಕೇ ಉದ್ದನೆಯ ಚಪ್ಪಟೆ ಕೋಲೊಂದನ್ನು ಕೆಳಗೆ ತೂರಿಸಿ ಎತ್ತಿ, ಕಾವಲಿಯ ಮೇಲೆ ಸುರುಳಿ ಬಿಚ್ಚಿದ ಹಾಗೆ ಹರಡಬೇಕು.

ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಮುಗಿದ ಶನಿವಾರ ಅತ್ತೆಯ ಮನೆಯಲ್ಲಿ ಲೆಫ್ಸೆ ದಿನ. ಅತ್ತೆ ಹಿಟ್ಟು ಕಲಸುವವರು, ಅವರ ತಂಗಿ ಲಟ್ಟಿಸುವವರು. ನನಗೆ ಮೊದಲ ವರ್ಷದಿಂದಲೂ ಕೋಲಿನ ಕೆಲಸ. ಒಂದು ಸಲವೂ ಹಿಟ್ಟು ಮುಟ್ಟಿಲ್ಲ. ಚಿಕ್ಕತ್ತೆ ಎರಡು ವರ್ಷದ ಹಿಂದೆ ತೀರಿಕೊಂಡರು. ಅತ್ತೆಗೆ ಸಂಧಿವಾತ, ಬೆರಳು ಮಡಚುವುದಕ್ಕೇ ಆಗುತ್ತಿಲ್ಲ. ಹೋದ ತಿಂಗಳು ಲಟ್ಟಣಿಗೆಯನ್ನು ಬಟ್ಟೆಯಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. ಜೊತೆಗೆ ಅವರ ಅಜ್ಜಿ ಪೆನ್ಸಿಲ್ಲಿನಲ್ಲಿ ಬರೆದ ಒಂದು ಚೀಟಿ. ಅದರಲ್ಲಿ ಇರುವುದು ಇಷ್ಟೇ: ಆಲೂಗಡ್ಡೆ, ಬೆಣ್ಣೆ, ಕೆನೆ, ಉಪ್ಪು, ಸಕ್ಕರೆ, ‘ಹಿಟ್ಟು, ಸಾಕಾಗುವಷ್ಟು’.

ಎರಡು ಸಲ ಅಭ್ಯಾಸ ಮಾಡಿದೆ. ಎರಡು ಸಲವೂ ಹಿಟ್ಟು ಮಣೆಗೆ ಅಂಟಿ ಹರಿಯಿತು. ಇನ್ನಷ್ಟು ಮೈದಾ ಹಾಕಿದರೆ ಚಪಾತಿಯ ಹಾಗೆ ಗಡುಸಾಯಿತು. ಬಲ್ಲವರು ದಯವಿಟ್ಟು ಹೇಳಿ. ಇನ್ನೊಂದು ಮಾತು, ಇದು ಮನಸ್ಸಿನದು: ಬೇರೆಯವರ ಮನೆಯ ಒಡವೆಯನ್ನು ಒತ್ತೆ ಇಟ್ಟುಕೊಂಡ ಹಾಗೆ ಅನ್ನಿಸುತ್ತಿದೆ. ನನ್ನ ಕೈಯಲ್ಲಿ ಹಾಳಾದರೆ ಏನು ಉತ್ತರ ಹೇಳಲಿ?

ಗದಗಿನ ರೊಟ್ಟಿ | 19 ನವೆಂಬರ್

ಅಕ್ಕಾರ, ನಮಸ್ಕಾರ್ರಿ. ಲೆಫ್ಸೆ ನಾ ಕಣ್ಲೆ ಕಂಡಿಲ್ಲ. ಆದ್ರ ಹರಿಯೋ ಹಿಟ್ಟು ಭಾಳ ಕಂಡೇನಿ. ನೀವು ಬರದದ್ದು ಓದಿದ್ರ ಇದು ಮೈದಾದ ತಪ್ಪಲ್ಲ, ನೀರಿನ ತಪ್ಪು ಅನಸ್ತದ. ಆಲೂಗಡ್ಡಿ ಕುದಿಸಿ ಬಸಿದ ಮ್ಯಾಲೆ ಹಬಿ ಪೂರಾ ಹೋಗೂತನ ಬಿಟ್ರೇನು? ರಾತ್ರಿ ಇಡೂಮುಂದ ಮುಚ್ಚಿಟ್ರೋ, ತೆರದಿಟ್ರೋ? ಮುಚ್ಚಿಟ್ರ ಬೆವರತದ, ಬೆವರಿದ್ದೆಲ್ಲಾ ಹಿಟ್ಟಿನೊಳಗ ಇಳೀತದ.

ಇನ್ನ ಅಳತಿ. ನಮ್ಮವ್ವನ್ನ ಜ್ವಾಳದ ರೊಟ್ಟಿ ಅಳತಿ ಕೇಳಿದ್ರ ‘ಹಿಟ್ಟ ಹೇಳ್ತದ’ ಅಂತಿದ್ಲು. ಅದು ಹೇಳೂದು ನನಗ ಕೇಳಸ್ಲಿಕ್ಕೆ ನಾಕು ವರ್ಷ ಬೇಕಾತು. ನಿಮಗ ಅಷ್ಟು ವ್ಯಾಳ್ಯಾ ಇಲ್ಲ. ಹಿಂಗ ಮಾಡ್ರಿ: ಅತ್ತಿಯವರನ್ನ ಬಾಜೂಕ ಕೂಡಸ್ಕೋರಿ. ಮೈದಾ ಡಬ್ಬಿ ತೂಕ ಮಾಡಿ ಬರದಿಡ್ರಿ. ಅವರು ‘ಇನ್ನೊಂದು ಮುಟಗಿ’ ಅಂದಂಗ ಹಾಕ್ರಿ, ‘ಸಾಕು’ ಅಂದಾಗ ನಿಲ್ಲಸ್ರಿ, ಡಬ್ಬಿ ಮತ್ತ ತೂಗ್ರಿ. ಕಡಿಮಿ ಆದದ್ದ ನಿಮ್ಮ ಅಳತಿ. ನಮ್ಮವ್ವನ ಶೇಂಗಾ ಹೋಳಿಗಿ ನಾ ಹಿಂಗ ಬರಕೊಂಡೇನಿ.

ಸ್ತವಾಂಗೆರ್ ವಾಸಿ | 20 ನವೆಂಬರ್

ಗದಗಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ತೈಲ ಕಂಪನಿಯ ಕೆಲಸದ ಮೇಲೆ ಹದಿನಾರು ವರ್ಷದಿಂದ ನಾರ್ವೆಯ ಸ್ತವಾಂಗೆರ್‌ನಲ್ಲಿದ್ದೇನೆ. ಪಕ್ಕದ ಮನೆಯ ಅಜ್ಜಿಯಿಂದ ಕಲಿತದ್ದನ್ನು ಹೇಳುತ್ತೇನೆ.

ಆಲೂಗಡ್ಡೆ ಹಿಟ್ಟುಹಿಟ್ಟಾಗಿ ಒಡೆಯುವ ಜಾತಿಯದಾಗಿರಲಿ, ನಿಮ್ಮಲ್ಲಿ ಸಿಗುವ ರಸೆಟ್ ಸರಿಯಾಗುತ್ತದೆ. ಹೊಸ ಆಲೂಗಡ್ಡೆ ಬೇಡ, ಅಂಟು. ಒತ್ತಿದ ಆಲೂಗಡ್ಡೆ ಪೂರ್ತಿ ತಣ್ಣಗಾಗುವ ತನಕ ಮೈದಾ ಮುಟ್ಟಿಸಬೇಡಿ. ಮೈದಾ ಹಾಕಿದ ಮೇಲೆ ಹೊತ್ತು ಕಳೆದಷ್ಟೂ ಹಿಟ್ಟು ಸಡಿಲವಾಗುತ್ತಾ ಹೋಗುತ್ತದೆ. ಅದಕ್ಕೇ ಒಂದೇ ಸಲಕ್ಕೆ ಎಲ್ಲ ಕಲಸದೆ, ಒಂದು ಪಾಲು ಕಲಸಿ ಉಂಡೆ ಕಟ್ಟಿ, ಲಟ್ಟಿಸುವುದನ್ನು ಮಾತ್ರ ಹೊರಗೆ ಇಟ್ಟುಕೊಂಡು ಉಳಿದದ್ದು ಫ್ರಿಜ್ಜಿನಲ್ಲಿರಲಿ. ಉಂಡೆ ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು. ಕಾವಲಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ಕಾದಿರಬೇಕು, ಎಣ್ಣೆ ಬೇಡ. ಕಂದು ಚುಕ್ಕೆ ಬಿದ್ದ ಕೂಡಲೇ ಮಗುಚಿ, ಒಂದು ಬದಿಗೆ ಒಂದು ನಿಮಿಷ ಹೆಚ್ಚೇ ಆಯಿತು. ತೆಗೆದದ್ದನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆ ಮುಚ್ಚಿ. ಆಲೂಗಡ್ಡೆಯನ್ನು ಮುಚ್ಚಬಾರದು, ಬೆಂದ ಲೆಫ್ಸೆಯನ್ನು ಮುಚ್ಚಲೇಬೇಕು. ತನ್ನ ಹಬೆಯಲ್ಲೇ ಅದು ಮೆತ್ತಗಾಗುತ್ತದೆ.

ನಾರ್ವೆಯಲ್ಲಿ ಲೆಫ್ಸೆ ಒಂದೇ ಬಗೆ ಅಲ್ಲ ಎಂಬುದೂ ನಿಮಗೆ ಗೊತ್ತಿರಲಿ. ಹಾರ್ಡಾಂಗೆರ್ ಕಡೆ ಆಲೂಗಡ್ಡೆಯೇ ಇಲ್ಲದ ಒಣ ಲೆಫ್ಸೆ ಮಾಡುತ್ತಾರೆ. ತಿಂಗಳುಗಟ್ಟಲೆ ಇಡಬಹುದು, ತಿನ್ನುವ ಮುಂಚೆ ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿಟ್ಟು ಮೆತ್ತಗೆ ಮಾಡಿಕೊಳ್ಳುತ್ತಾರೆ. ಹಬ್ಬದ ಊಟವೂ ಹಾಗೆಯೇ, ಊರಿಗೊಂದು ರೀತಿ. ಓಸ್ಲೊ ಕಡೆಯ ಪೂರ್ವಭಾಗದಲ್ಲಿ ಡಿಸೆಂಬರ್ 24ರ ರಾತ್ರಿ ರಿಬ್ಬೆ, ಅಂದರೆ ಚರ್ಮ ಗರಿಗರಿಯಾಗುವಂತೆ ಹುರಿದ ಹಂದಿಯ ಪಕ್ಕೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಪಿನ್ನೆಶ್ಯೋಟ್: ಉಪ್ಪು ಹಾಕಿ ಒಣಗಿಸಿದ ಕುರಿ ಪಕ್ಕೆಲುಬನ್ನು ಒಂದು ಹಗಲು ಒಂದು ರಾತ್ರಿ ನೀರಲ್ಲಿ ನೆನೆಸಿ, ಪಾತ್ರೆಯ ತಳಕ್ಕೆ ಬರ್ಚ್ ಮರದ ಕಡ್ಡಿ ಜೋಡಿಸಿ ಅದರ ಮೇಲಿಟ್ಟು ಮೂರು ಗಂಟೆ ಹಬೆಯಲ್ಲಿ ಬೇಯಿಸುವುದು. ದಕ್ಷಿಣ ತೀರದ ಕೆಲವು ಮನೆಗಳಲ್ಲಿ ತಾಜಾ ಕಾಡ್ ಮೀನು. ಗಂಡ ಪೂರ್ವದವನು, ಹೆಂಡತಿ ಪಶ್ಚಿಮದವಳು ಆದರೆ ಒಂದು ವರ್ಷ ಅದು, ಒಂದು ವರ್ಷ ಇದು ಎಂದು ಒಪ್ಪಂದ ಮಾಡಿಕೊಳ್ಳುವ ಮನೆಗಳು ನನಗೇ ಗೊತ್ತು.

ಪಿನ್ನೆಶ್ಯೋಟ್ ಜೊತೆಗೆ ‘ಕೋಲ್‌ರಾಬಿ’ಯನ್ನು ಬೇಯಿಸಿ ಮಸೆದು ಬಡಿಸುತ್ತಾರೆ. ಹೊಸದಾಗಿ ಬಂದ ನಮ್ಮವರಿಗೆ ಒಂದು ಮಾತು: ಅದು ನಮ್ಮ ನವಿಲುಕೋಸು ಅಲ್ಲ. ಇಲ್ಲಿ ಆ ಹೆಸರಿನಲ್ಲಿ ಸಿಗುವುದು ಹಳದಿ ತಿರುಳಿನ ದಪ್ಪ ಗೆಡ್ಡೆ. ಕೆನೆ, ಬೆಣ್ಣೆ ಹಾಕಿ ಮಸೆದರೆ ಸಿಹಿ ಕುಂಬಳದ ಪಲ್ಯದ ಹತ್ತಿರ ಬರುತ್ತದೆ, ತುಂಬ ಚೆನ್ನಾಗಿರುತ್ತದೆ.

ಕುಡ್ಲದ ಮಗಳು | 20 ನವೆಂಬರ್

ಅಕ್ಕ, ನಾನು ಓಸ್ಲೊದಲ್ಲಿರುವುದು, ಊರು ಮಂಗಳೂರು. ನಮ್ಮದು ಕ್ರೈಸ್ತ ಮನೆ. ನಾನು ಇಲ್ಲಿಗೆ ಬಂದ ಮೊದಲ ಡಿಸೆಂಬರ್‌ನಲ್ಲಿ ಆಫೀಸಿನ ಹೆಂಗಸರು ‘ಶು ಸ್ಲಾಗ್’ ಆಯಿತಾ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಏಳು ಬಗೆ ಎಂದು ಅರ್ಥ. ಹಬ್ಬಕ್ಕೆ ಮನೆಯಲ್ಲಿ ಏಳು ಬಗೆಯ ಬಿಸ್ಕತ್ತು, ಕರಿದ ತಿಂಡಿ ಇರಬೇಕು. ಯಾವ ಏಳು ಎಂಬುದು ಮನೆಯಿಂದ ಮನೆಗೆ ಬೇರೆ. ನನಗೆ ತಕ್ಷಣ ನಮ್ಮ ಕುಸ್ವಾರ್ ನೆನಪಾಯಿತು. ಕಿಡಿಯೊ, ನೆವ್ರಿಯೊ, ಗುಳಿಯೊ, ಕೊಕ್ಕಿಸಾಂ ಎಲ್ಲ ತಟ್ಟೆಗೆ ತುಂಬಿ ನೆರೆಮನೆಗಳಿಗೆ ಕಳಿಸುತ್ತೇವಲ್ಲ, ಅದೇ ಸಂಭ್ರಮ.

ಕೊಕ್ಕಿಸಾಂ ಅಂದರೆ ಬೇರೆಯವರು ಅಚ್ಚಪ್ಪ, ಗುಲಾಬಿ ಹೂವು ಅನ್ನುವುದು. ಇಲ್ಲಿಯೂ ಅದು ಇದೆ ಅಕ್ಕ! ರೋಸೆಟ್ ಅನ್ನುತ್ತಾರೆ. ಅದೇ ಉದ್ದ ಕಡ್ಡಿಯ ಹೂವಿನ ಅಚ್ಚು, ಅದೇ ಹಾಗೆ ಎಣ್ಣೆಯಲ್ಲಿ ಕಾಯಿಸಿ ಹಿಟ್ಟಿನಲ್ಲಿ ಅದ್ದಿ ಮತ್ತೆ ಎಣ್ಣೆಗೆ ಇಳಿಸುವುದು. ನಮ್ಮದಕ್ಕೆ ಅಕ್ಕಿಹಿಟ್ಟು, ತೆಂಗಿನ ಹಾಲು. ಇವರದಕ್ಕೆ ಮೈದಾ, ದನದ ಹಾಲು. ಅಚ್ಚು ಸರಿಯಾಗಿ ಕಾಯದಿದ್ದರೆ ಹಿಟ್ಟು ಬಿಡುವುದಿಲ್ಲ ಎಂದು ನಮ್ಮ ಬಪಾಮಾಯ್, ಅಂದರೆ ಅಜ್ಜಿ, ಹೇಳುತ್ತಿದ್ದ ಮಾತನ್ನೇ ಇಲ್ಲಿಯ ಹೆಂಗಸೊಬ್ಬರು ನನಗೆ ಹೇಳಿದರು. ನಾನು ಅಲ್ಲೇ ಅಚ್ಚು ಇಸಿದುಕೊಂಡು ಹದಿನೈದು ಮಾಡಿ ತೋರಿಸಿದೆ. ಅವತ್ತಿನಿಂದ ನಾನು ಆ ಮನೆಯವಳೇ ಆದೆ.

ಏಳರಲ್ಲಿ ನನಗೆ ಇಷ್ಟ ಕ್ರುಮ್‌ಕಾಕೆ. ಚಿತ್ತಾರ ಕೆತ್ತಿದ ಎರಡು ಕಬ್ಬಿಣದ ಬಿಲ್ಲೆಗಳ ನಡುವೆ ಒಂದು ಚಮಚ ಹಿಟ್ಟು ಹಾಕಿ ಒತ್ತಿ ಬೇಯಿಸಿ, ಬಿಸಿ ಆರುವ ಮೊದಲು ಮರದ ಶಂಕುವಿಗೆ ಸುತ್ತಬೇಕು. ನಾಲ್ಕೈದು ಸೆಕೆಂಡು ತಡವಾದರೆ ಮುರಿಯುತ್ತದೆ. ಇನ್ನೊಂದು ಫಟ್ಟಿಗ್‌ಮನ್: ವಜ್ರಾಕಾರಕ್ಕೆ ಕತ್ತರಿಸಿ, ನಡುವೆ ಸೀಳಿ, ಒಂದು ತುದಿಯನ್ನು ಆ ಸೀಳಿನೊಳಗೆ ತೂರಿಸಿ ಕರಿಯುವುದು. ಹೆಸರಿನ ಅರ್ಥ ‘ಬಡವ’. ಹಾಕುವುದೋ ಮೊಟ್ಟೆಯ ಹಳದಿ, ಕೆನೆ, ಏಲಕ್ಕಿ, ಬ್ರಾಂದಿ.

ಬೆಣ್ಣೆ ಇಲ್ಲದೆ ಈ ಹಬ್ಬವಿಲ್ಲ. 2011ರ ಡಿಸೆಂಬರ್‌ನಲ್ಲಿ ನಾರ್ವೆಯಲ್ಲಿ ಬೆಣ್ಣೆಯೇ ಸಿಗದೆ ಹೋಯಿತು. ಮಳೆ ಹೆಚ್ಚಾಗಿ ಮೇವು ಕೆಟ್ಟು ಹಾಲು ಕಡಿಮೆ, ಅದೇ ಹೊತ್ತಿಗೆ ಹಿಟ್ಟು ಬಿಟ್ಟು ಕೊಬ್ಬು ತಿನ್ನುವ ಪಥ್ಯ ಎಲ್ಲೆಡೆ ಹಬ್ಬಿತ್ತು. ಅಂಗಡಿಯ ತಣ್ಣನೆ ಕಪಾಟು ಖಾಲಿ. ಸ್ವೀಡನ್‌ಗೆ ಕಾರಿನಲ್ಲಿ ಹೋಗಿ ತಂದವರಿದ್ದರು. ನನ್ನ ಪಕ್ಕದ ಮನೆಯವರು ಆ ವರ್ಷ ಮಾರ್ಗರೀನ್ ಹಾಕಲು ಒಪ್ಪದೆ ಏಳರ ಬದಲು ಮೂರೇ ಬಗೆ ಮಾಡಿದರು. ಅವರ ಅಮ್ಮನ ಕೈರುಚಿಯನ್ನು ಕೆಡಿಸುವುದಕ್ಕಿಂತ ಕಡಿಮೆ ಮಾಡುವುದೇ ಸರಿ ಎಂದರು. ನನಗೆ ಅದು ತುಂಬ ಹಿಡಿಸಿತು.

ನೇರ ಮಾತು | 21 ನವೆಂಬರ್

ಬೇಜಾರು ಮಾಡಿಕೊಳ್ಳಬೇಡಿ ಮೇಡಂ, ಅನ್ನಿಸಿದ್ದನ್ನು ಕೇಳುತ್ತೇನೆ. ಅವರ ಮನೆತನದ ಅಡುಗೆ ಉಳಿಸಲು ಅವರ ಮನೆಯಲ್ಲೇ ಮಕ್ಕಳು, ಮೊಮ್ಮಕ್ಕಳು ಇಲ್ಲವೇ? ನಿಮ್ಮ ಮಕ್ಕಳಿಗೆ ಸಂಕ್ರಾಂತಿಯ ಎಳ್ಳು ಬೀರುವುದು ಗೊತ್ತಿದೆಯೇ? ಕಣಕದ ಹದ ಗೊತ್ತಿದೆಯೇ? ಹೊರದೇಶದಲ್ಲಿ ಕನ್ನಡದ ಮನೆ ಕರಗಿ ಹೋಗುವುದು ಹೀಗೆಯೇ. ಸೊಸೆಯಾದವಳು ಗಂಡನ ಕಡೆಯದನ್ನೆಲ್ಲ ಹೊತ್ತುಕೊಳ್ಳುತ್ತಾಳೆ, ತವರಿನದು ಹೇಳ ಹೆಸರಿಲ್ಲದೆ ಹೋಗುತ್ತದೆ. ನಮ್ಮಕ್ಕನ ಮನೆಯಲ್ಲಿ ಇದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಮೈಸೂರಿನ ಹಿರಿಯ ಓದುಗ | 21 ನವೆಂಬರ್

ನೇರ ಮಾತಿನವರ ಆತಂಕ ಸುಳ್ಳಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಆ ತಾಯಿಯೇ. ನಾನು ಇತಿಹಾಸ ಪಾಠ ಮಾಡಿ ನಿವೃತ್ತನಾದವನು, ನನಗೆ ತಿಳಿದ ಕಡೆಯಿಂದ ನಾಲ್ಕು ಮಾತು.

ನಾರ್ವೆಯಿಂದ ಅಮೆರಿಕಕ್ಕೆ ಸಂಘಟಿತವಾಗಿ ಮೊದಲು ಹೊರಟದ್ದು 1825ರ ಜುಲೈನಲ್ಲಿ, ‘ರೆಸ್ಟೌರಾಶುನ್’ ಎಂಬ ಪುಟ್ಟ ಹಾಯಿ ಹಡಗಿನಲ್ಲಿ. ಹೊರಟ ಬಂದರು ನಮ್ಮ ಮಿತ್ರರಿರುವ ಸ್ತವಾಂಗೆರ್. ಹೊರಟಾಗ 52 ಜನ, ದಾರಿಯಲ್ಲಿ ಒಂದು ಹೆಣ್ಣುಮಗು ಹುಟ್ಟಿ ಅಕ್ಟೋಬರ್ 9ರಂದು ನ್ಯೂಯಾರ್ಕ್ ತಲುಪಿದರು. ಈ ವರ್ಷಕ್ಕೆ ಅದಾಗಿ 200 ವರ್ಷ. ಆಮೇಲಿನ ನೂರು ವರ್ಷದಲ್ಲಿ ಸುಮಾರು 8 ಲಕ್ಷ ಜನ ಹೋದರು. ಆ ದೇಶದ ಜನಸಂಖ್ಯೆಗೆ ಅದು ಬಹಳ ದೊಡ್ಡ ಪಾಲು. ಉಳುವ ನೆಲ ಕಡಿಮೆ, ಹಿರಿಮಗನಿಗೆ ಹೊಲ ಹೋದರೆ ಉಳಿದವರಿಗೆ ಕೂಲಿಯೇ ಗತಿ. ಅವರು ಒಯ್ದ ಬಣ್ಣದ ಹೂಬಳ್ಳಿಯ ಮರದ ಪೆಟ್ಟಿಗೆಗಳನ್ನು ಅಯೋವಾದ ಡೆಕೋರಾ ಊರಿನ ‘ವೆಸ್ಟರ್‌ಹೈಮ್’ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಮಗ ಅಮೆರಿಕದಲ್ಲಿದ್ದಾಗ ಹೋಗಿ ನೋಡಿದ್ದೇನೆ, ಆ ಪೆಟ್ಟಿಗೆಗಳ ಮುಂದೆ ಬಹಳ ಹೊತ್ತು ನಿಂತಿದ್ದೆ.

ಇನ್ನು ಆಲೂಗಡ್ಡೆ. ಅದು ನಾರ್ವೆಗೆ ಬಂದದ್ದೇ 18ನೇ ಶತಮಾನದ ನಡುಭಾಗದಲ್ಲಿ. ಹೊಸ ಗೆಡ್ಡೆಯನ್ನು ಬೆಳೆಯಿರಿ ಎಂದು ಜನರಿಗೆ ತಿಳಿಹೇಳಿದವರಲ್ಲಿ ಹಳ್ಳಿಯ ಪಾದ್ರಿಗಳೇ ಮುಂದು. ಅವರಿಗೆ ‘ಆಲೂಗಡ್ಡೆ ಪಾದ್ರಿಗಳು’ ಎಂಬ ಹೆಸರೇ ಬಂತು. 1807ರಿಂದ 1814ರ ತನಕ ಯುದ್ಧದಲ್ಲಿ ಬ್ರಿಟಿಷರು ಸಮುದ್ರದ ದಾರಿ ಕಟ್ಟಿದಾಗ ಹೊರಗಿನ ಧಾನ್ಯ ನಿಂತು ಹಸಿವು ಬಂತು, ಆಲೂಗಡ್ಡೆ ಮನೆಮನೆಗೆ ಇಳಿಯಿತು. ಅದಕ್ಕೂ ಮೊದಲು ಲೆಫ್ಸೆ ಬರೀ ಧಾನ್ಯದ ಹಿಟ್ಟಿನದು. ಅಂದರೆ ಈ ತಾಯಿಯ ಅತ್ತೆಯ ಮನೆಯವರು ‘ನಮ್ಮ ಪುರಾತನ ಅಡುಗೆ’ ಎಂದು ಕಾಪಾಡಿಕೊಂಡು ಬಂದದ್ದು, ಅವರು ಹಡಗು ಹತ್ತುವ ಎರಡು ಮೂರು ತಲೆಮಾರಿನ ಹಿಂದೆ ಹೊಸದಾಗಿ ಒಲೆಗೆ ಬಂದದ್ದು. ನಮ್ಮ ಸಾರಿನ ಒಣಮೆಣಸಿನಕಾಯಿಯೂ ಕಡಲು ದಾಟಿ ಬಂದದ್ದೇ, ಆದರೂ ಅದಿಲ್ಲದ ಸಾರನ್ನು ನಮ್ಮದು ಎನ್ನಲು ನಾಲಿಗೆ ಒಪ್ಪುವುದಿಲ್ಲ. ಯಾರ ಕೈಯಲ್ಲಿ ಬೇಯುತ್ತದೆಯೋ ಅವರದಾಗುತ್ತಾ ಬಂದಿದೆ.

ಮಿನ್ನೆಸೋಟ ಸೊಸೆ | 22 ನವೆಂಬರ್

ಎಲ್ಲರಿಗೂ ಮನಸಾರೆ ಕೃತಜ್ಞತೆ. ಗದಗಿನ ಅಕ್ಕ, ನಾನು ಆಲೂಗಡ್ಡೆಯನ್ನು ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಗಿಯಾಗಿ ಮುಚ್ಚಿಟ್ಟಿದ್ದೆ. ತಪ್ಪು ಅಲ್ಲೇ ಆಗಿದೆ.

ನೇರ ಮಾತಿನ ಸರ್, ಬೇಜಾರಿಲ್ಲ. ಮಕ್ಕಳಿಗೆ ಒಂಬತ್ತು, ಆರು ವರ್ಷ. ಎಳ್ಳು ಬೀರುತ್ತಾರೆ. ಇಲ್ಲಿ ಸಂಕ್ರಾಂತಿ ಮೈನಸ್ ಇಪ್ಪತ್ತರ ಚಳಿಯಲ್ಲಿ ಬರುತ್ತದೆ, ಕೈಗವಸು ಹಾಕಿಕೊಂಡು ಕಾರಿನಲ್ಲಿ ಮನೆಮನೆಗೆ ಹೋಗುತ್ತೇವೆ. ಕೊಬ್ಬರಿ, ಬೆಲ್ಲ ಹೆಚ್ಚುವುದು ಅವರಪ್ಪ. ಯುಗಾದಿಗೆ ಒಬ್ಬಟ್ಟು ಮಾಡುತ್ತೇನೆ, ನಮ್ಮಮ್ಮನಷ್ಟು ತೆಳುವಾಗಿ ಬರುವುದಿಲ್ಲ, ಆದರೂ ಮಾಡುತ್ತೇನೆ. ನಮ್ಮ ಯಜಮಾನರ ಅಣ್ಣ ತಮ್ಮಂದಿರ ಮಕ್ಕಳು ದೂರದ ಊರುಗಳಲ್ಲಿದ್ದಾರೆ, ಅಂಗಡಿಯ ಲೆಫ್ಸೆ ತರಿಸಿ ತಿನ್ನುತ್ತಾರೆ.

ನಾನೇ ಏಕೆ ಎಂದರೆ ಒಂದು ಸಂಗತಿ ಹೇಳಬೇಕು. ಮಗಳು ಹುಟ್ಟಿದಾಗ ಅಮ್ಮನಿಗೆ ವೀಸಾ ಸಿಗುವುದು ತಡವಾಯಿತು. ಐದು ವಾರ. ಆ ಐದು ವಾರ ಅತ್ತೆ ನಮ್ಮ ಮನೆಯಲ್ಲೇ ಉಳಿದರು. ಮೂರನೇ ದಿನ ನಾನು ಊಟ ಸೇರದೆ ಅಳುತ್ತಿದ್ದಾಗ ಫೋನ್ ಕೊಡು ಎಂದರು. ಅಮ್ಮ ಕನ್ನಡದಲ್ಲಿ ಹೇಳುವುದು, ನಾನು ಮಲಗಿದ್ದಲ್ಲಿಂದಲೇ ಇಂಗ್ಲಿಷಿನಲ್ಲಿ ಹೇಳುವುದು, ಅತ್ತೆ ಮೆಣಸು ಜೀರಿಗೆ ಹುರಿದು ಕುಟ್ಟುವುದು. ಬಾಣಂತಿಯ ಮೆಣಸಿನ ಸಾರು, ಬೆಳ್ಳುಳ್ಳಿ ಒಗ್ಗರಣೆ, ಬಿಸಿ ಅನ್ನಕ್ಕೆ ತುಪ್ಪ. ಐದು ವಾರ ತಪ್ಪದೆ ಮಾಡಿದರು. ಆ ಅಳತೆಯನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದುಕೊಂಡಿದ್ದಾರೆ, ಈಗಲೂ ಇದೆ. ಅವರು ನಮ್ಮಮ್ಮನ ಸಾರು ಕಲಿತರು ಸರ್, ನಾನು ಅವರ ಅಜ್ಜಿಯ ಲೆಫ್ಸೆ ಕಲಿಯಬೇಡವೇ?

ನೇರ ಮಾತು | 22 ನವೆಂಬರ್

ಕಲಿಯಿರಿ ತಾಯಿ. ನನ್ನ ಮಾತು ವಾಪಸ್ಸು ತೆಗೆದುಕೊಂಡೆ.

ಏಲಕ್ಕಿ ತೋಟ, ಸಕಲೇಶಪುರ | 23 ನವೆಂಬರ್

ನಮ್ಮದು ಕಾಫಿ, ಏಲಕ್ಕಿ. ಅಷ್ಟು ದೂರದ ಚಳಿ ದೇಶದ ಹಬ್ಬದಲ್ಲಿ ಏಲಕ್ಕಿ ಇದೆ ಎಂದು ಓದಿ ಖುಷಿಯಾಯಿತು. ಯಾವುದಕ್ಕೆಲ್ಲ ಹಾಕುತ್ತಾರೆ? ಪುಡಿಯೋ, ಕಾಯಿಯೋ? ಬೆಳೆಯುವವನಾಗಿ ಒಂದು ಮಾತು: ಪುಡಿ ಕೊಳ್ಳಬೇಡಿ. ಸಿಪ್ಪೆಯೊಳಗಿರುವ ತನಕವೇ ಬೀಜದ ಘಮ. ಬಿಡಿಸಿದ ಮೇಲೆ ದಿನದಿಂದ ದಿನಕ್ಕೆ ಹಾರಿಹೋಗುತ್ತದೆ. ಹಸಿರು ಬಿಗಿಯಾದ ಕಾಯಿ ತಂದು, ಬೇಕಾದಾಗ ಬಿಡಿಸಿ ಅರೆಬರೆ ಕುಟ್ಟಿ.

ಕುಡ್ಲದ ಮಗಳು | 23 ನವೆಂಬರ್

ಕ್ರುಮ್‌ಕಾಕೆ, ಫಟ್ಟಿಗ್‌ಮನ್, ಗೋರೊ, ಮತ್ತೆ ಒಣದ್ರಾಕ್ಷಿ ಹಾಕಿದ ‘ಯೂಲೆಕಾಕೆ’ ಎಂಬ ಹಬ್ಬದ ಬ್ರೆಡ್, ಇವಕ್ಕೆಲ್ಲ ಏಲಕ್ಕಿ ಬೀಳಲೇಬೇಕು. ನೀವು ಹೇಳಿದ ಹಾಗೆ ಅರೆಬರೆ ಕುಟ್ಟಿದ ಬೀಜವೇ ಚೆಂದ, ಹಲ್ಲಿಗೆ ಸಿಗಬೇಕು. ಲೆಫ್ಸೆಗೆ ಮಾತ್ರ ಹಾಕುವುದಿಲ್ಲ. ಅದರ ರುಚಿ ಆಲೂಗಡ್ಡೆ, ಬೆಣ್ಣೆಯದು. ಊರಿಗೆ ಬಂದಾಗ ನಾನು ಅರ್ಧ ಕೆ.ಜಿ. ಏಲಕ್ಕಿ ತರುತ್ತೇನೆ, ಬಸುರಿಗೆ ಹಸಿರು ಬಳೆ ತಂದಷ್ಟು ಜೋಪಾನವಾಗಿ. ಡಿಸೆಂಬರ್‌ನಲ್ಲಿ ಇಲ್ಲಿಯ ಗೆಳತಿಯರಿಗೆ ಹಂಚುವುದು ಅದನ್ನೇ.

ಬೆಳಗಾವಿ ಕುಂದಾ | 24 ನವೆಂಬರ್

ಲೂಟೆಫಿಸ್ಕ್ ಎಂಬ ಮೀನನ್ನು ಸುಣ್ಣದಂಥ ಕ್ಷಾರದ ನೀರಲ್ಲಿ ನೆನೆಸುತ್ತಾರೆ ಎಂದು ಕೇಳಿದ್ದೇನೆ. ನಿಜವೇ? ಯಾಕೆ?

ಮಿನ್ನೆಸೋಟ ಸೊಸೆ | 24 ನವೆಂಬರ್

ನಿಜ. ನಾನು ಮೀನು, ಮಾಂಸ ತಿನ್ನುವವಳಲ್ಲ. ಆದರೆ ನಮ್ಮ ಚರ್ಚಿನ ಲೂಟೆಫಿಸ್ಕ್ ಊಟದಲ್ಲಿ ಹತ್ತು ವರ್ಷದಿಂದ ಬಡಿಸುತ್ತಿದ್ದೇನೆ, ಆದ್ದರಿಂದ ಹೇಳಬಲ್ಲೆ. ನಾರ್ವೆಯ ಉತ್ತರದ ಲೋಫೋಟೆನ್ ದ್ವೀಪಗಳಲ್ಲಿ ಚಳಿಗಾಲದ ಕೊನೆಗೆ ಕಾಡ್ ಮೀನು ಹಿಡಿದು, ಫೆಬ್ರವರಿಯಿಂದ ಮೇ ತನಕ ಮರದ ಅಟ್ಟಣಿಗೆಗಳಿಗೆ ಜೋಡಿಜೋಡಿಯಾಗಿ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ, ಉಪ್ಪಿಲ್ಲದೆ. ಅದು ಕಟ್ಟಿಗೆಯಷ್ಟು ಗಟ್ಟಿಯಾಗುತ್ತದೆ, ವರ್ಷಗಟ್ಟಲೆ ಕೆಡುವುದಿಲ್ಲ. ಅಷ್ಟು ಗಟ್ಟಿಯಾದದ್ದನ್ನು ಮತ್ತೆ ಮೆತ್ತಗೆ ಮಾಡಲು ಕ್ಷಾರ ಬೇಕು. ಹಿಂದೆ ಬರ್ಚ್ ಮರದ ಬೂದಿಯ ತಿಳಿನೀರು ಬಳಸುತ್ತಿದ್ದರು. ಕೆಲವು ದಿನ ಬರೀ ನೀರು, ಆಮೇಲೆ ಕ್ಷಾರದ ನೀರು, ಆಮೇಲೆ ಕ್ಷಾರ ಪೂರ್ತಿ ಹೋಗುವ ತನಕ ದಿನದಿನವೂ ಬದಲಿಸಿದ ಶುದ್ಧ ನೀರು. ಮೀನು ಉಬ್ಬಿ ಪಾರದರ್ಶಕವಾಗುತ್ತದೆ. ಬೇಯಿಸುವಾಗ ಉಪ್ಪು ಹಾಕಿದರೆ ಸಾಕು, ತನ್ನ ನೀರಲ್ಲೇ ಬೇಯುತ್ತದೆ. ಸ್ವಲ್ಪ ಹೆಚ್ಚಾದರೆ ಕರಗಿ ಅಂಬಲಿ. ಬೆಳ್ಳಿ ಚಮಚ ಇಡಬಾರದು, ಕಪ್ಪಾಗುತ್ತದೆ. ನಾರ್ವೆಯಲ್ಲಿ ಹಂದಿಯ ಕೊಬ್ಬು, ಬಟಾಣಿ ಗೊಜ್ಜಿನ ಜೊತೆ, ಇಲ್ಲಿ ಕರಗಿಸಿದ ಬೆಣ್ಣೆಯ ಜೊತೆ. ನಮ್ಮ ರಾಜ್ಯದ ಮ್ಯಾಡಿಸನ್ ಎಂಬ ಊರು ತನ್ನನ್ನು ಲೂಟೆಫಿಸ್ಕ್ ರಾಜಧಾನಿ ಎಂದು ಕರೆದುಕೊಂಡು ದೊಡ್ಡ ಮೀನಿನ ಪ್ರತಿಮೆ ನಿಲ್ಲಿಸಿದೆ.

ಚರ್ಚಿನ ನೆಲಮಾಳಿಗೆಯಲ್ಲಿ ಉದ್ದ ಮೇಜುಗಳು. ಎಂಬತ್ತು ದಾಟಿದ ಗಂಡಸರು ಏಪ್ರನ್ ಕಟ್ಟಿಕೊಂಡು ಆಲೂಗಡ್ಡೆ ಹೊರುತ್ತಾರೆ. ಊರ ಜಾತ್ರೆಯ ಅನ್ನಸಂತರ್ಪಣೆಯ ಹಾಗೇ ಒಂದು ಪಂಕ್ತಿ ಏಳುತ್ತಿದ್ದಂತೆ ಇನ್ನೊಂದು ಕೂರುತ್ತದೆ. ಮೊದಲ ವರ್ಷ ಮಾವ ನನ್ನ ತಟ್ಟೆಗೆ ಯಾರೂ ಮೀನು ಹಾಕದಂತೆ ಕೈ ಅಡ್ಡ ಹಿಡಿದು, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿದ ಲೆಫ್ಸೆ ಮೂರು ಇಟ್ಟರು. ಮಾವ ಈಗ ಇಲ್ಲ.

ಮಿನ್ನೆಸೋಟ ಸೊಸೆ | 30 ನವೆಂಬರ್

ನಿನ್ನೆ ಲೆಫ್ಸೆ ದಿನ ಆಯಿತು. ವಿವರವಾಗಿ ಬರೆಯುತ್ತೇನೆ, ಮುಂದೆ ಯಾರಿಗಾದರೂ ಬೇಕಾಗುತ್ತದೆ.

ಶುಕ್ರವಾರ ರಾತ್ರಿ ಒಂದೊಂದು ಪಾಲಿಗೆ ಎರಡೂಕಾಲು ಕೆ.ಜಿ. ಆಲೂಗಡ್ಡೆ, ಹೀಗೆ ಎರಡು ಪಾಲು. ಬಸಿದು, ಖಾಲಿ ಪಾತ್ರೆಗೆ ಮತ್ತೆ ಹಾಕಿ ಸಣ್ಣ ಉರಿಯಲ್ಲಿ ಹಬೆ ಹೋಗುವ ತನಕ ಅಲುಗಾಡಿಸಿ, ಎರಡು ಸಲ ಒತ್ತಿದೆ. ಪಾಲಿಗೆ 115 ಗ್ರಾಂ ಬೆಣ್ಣೆ, ಅರ್ಧ ಕಪ್ ಕೆನೆ, ಒಂದು ದೊಡ್ಡ ಚಮಚ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ. ತೆರೆದ ತಟ್ಟೆಯಲ್ಲಿ ಹರಡಿ, ಬರೀ ತೆಳು ಬಟ್ಟೆ ಹಾಸಿ ಫ್ರಿಜ್ಜಿನಲ್ಲಿಟ್ಟೆ.

ಬೆಳಿಗ್ಗೆ ಅತ್ತೆ ಮಣೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಡಬ್ಬಿ ತೂಗಿದೆ. ಮುಷ್ಟಿ ಮುಷ್ಟಿಯಾಗಿ ಮೈದಾ ಹಾಕುತ್ತಾ ಹೋದೆ. ಪ್ರತಿ ಸಲವೂ ಅತ್ತೆ ಹೆಬ್ಬೆರಳಿನ ಬದಿಯಿಂದ ಹಿಟ್ಟನ್ನು ಒತ್ತಿ ನೋಡಿದರು. ಬೆರಳು ಮಡಚದಿದ್ದರೂ ಅಷ್ಟು ಆಗುತ್ತದೆ. ಗುಳಿ ನಿಧಾನವಾಗಿ ಅರ್ಧ ತುಂಬಿಕೊಂಡಾಗ ‘ಸಾಕು’ ಎಂದರು. ತೂಗಿದರೆ 430 ಗ್ರಾಂ. ನನಗೆ ನಿಧಿ ಸಿಕ್ಕಷ್ಟು ಸಂತೋಷ, ಫಲಕದ ಮೇಲೆ ದಪ್ಪಕ್ಷರದಲ್ಲಿ ಬರೆದೆ. ಎರಡನೇ ಪಾಲಿಗೆ ಅಷ್ಟೇ ತೂಗಿ ಹಾಕಿದೆ. ಅತ್ತೆ ಒತ್ತಿ ನೋಡಿ ತಲೆ ಅಲ್ಲಾಡಿಸಿದರು, ಇನ್ನೂ ಬೇಕು ಎಂದರು. ಅದು 465ಕ್ಕೆ ನಿಂತಿತು. ಅದೇ ಚೀಲದ ಆಲೂಗಡ್ಡೆ, ಅದೇ ಪಾತ್ರೆ. ಈಗ ನನ್ನ ಚೀಟಿಯಲ್ಲಿ ‘430ರಿಂದ 465, ಹೆಬ್ಬೆರಳಿನಲ್ಲಿ ಒತ್ತಿ ನೋಡುವುದು’ ಎಂದಿದೆ.

ಮೊದಲ ನಾಲ್ಕು ಹರಿದವು, ಮಕ್ಕಳು ಬಿಸಿಬಿಸಿ ತಿಂದರು. ಐದನೆಯದು ನಿಂತಿತು. ಒಟ್ಟು ಐವತ್ತೆಂಟು. ಕೋಲಿನ ಕೆಲಸ ಮಗಳದ್ದು, ಬಟ್ಟೆ ಮುಚ್ಚುವುದು ಮಗನದ್ದು. ಮಧ್ಯೆ ಅಮ್ಮ ಹಾಸನದಿಂದ ವಿಡಿಯೊದಲ್ಲಿ ಬಂದರು. ನಾನು ಲಟ್ಟಿಸುವುದನ್ನು ಸ್ವಲ್ಪ ಹೊತ್ತು ನೋಡಿ, ‘ಮಣೆ ತಿರುಗಿಸಬೇಡ ಕಣೇ, ನೀನು ತಿರುಗು. ಅಂಚು ಒಂದೇ ಸಮ ಬರುತ್ತೆ’ ಎಂದರು. ಅತ್ತೆಗೆ ಅದನ್ನು ಹೇಳಿದೆ. ತಮ್ಮ ತಂಗಿಯೂ ಮಣೆಯ ಸುತ್ತ ನಡೆದೇ ಲಟ್ಟಿಸುತ್ತಿದ್ದಳು ಎಂದರು. ಹೌದಲ್ಲ, ಹನ್ನೊಂದು ವರ್ಷ ಕೋಲು ಹಿಡಿದು ಎದುರೇ ನಿಂತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

ಗದಗಿನ ರೊಟ್ಟಿ | 30 ನವೆಂಬರ್

ಎರಡ ಪಾಲಿಗೆ ಎರಡ ತೂಕ! ನಮ್ಮವ್ವ ಇದ್ದಿದ್ರ ‘ನಾ ಹೇಳಿದ್ನಲ್ಲ’ ಅಂತಿದ್ಲು. ಭಾಳ ಛಲೋ ಆತ್ರಿ ಅಕ್ಕಾರ. ನಮ್ಮ ಮನ್ಯಾಗ ಆಲೂಗಡ್ಡಿ ತಂದಿಟ್ಟೇನಿ, ನಾಳೆ ಹಂಚಿನ ಮ್ಯಾಲೆ ನಾನೂ ನೋಡಾಕಿ.

ಸ್ತವಾಂಗೆರ್ ವಾಸಿ | 1 ಡಿಸೆಂಬರ್

ಡಿಸೆಂಬರ್ 23ರ ಅಕ್ಕಿ ಗಂಜಿ ಮರೆಯಬೇಡಿ. ದುಂಡಕ್ಕಿಯನ್ನು ಹಾಲಲ್ಲಿ ಮುಕ್ಕಾಲು ಗಂಟೆ ತಳ ಹಿಡಿಯದಂತೆ ಕೈಯಾಡಿಸಿ ಬೇಯಿಸಿ, ಮೇಲೆ ಸಕ್ಕರೆ, ದಾಲ್ಚಿನ್ನಿ, ನಡುವೆ ಒಂದು ಬೆಣ್ಣೆಯ ಕಣ್ಣು. ಒಂದೇ ಒಂದು ಸಿಪ್ಪೆ ಸುಲಿದ ಬಾದಾಮಿ ಒಳಗೆ ಬಚ್ಚಿಟ್ಟಿರುತ್ತಾರೆ, ಸಿಕ್ಕವರಿಗೆ ಬಾದಾಮಿ ಹಿಟ್ಟಿನ ಸಿಹಿ ಹಂದಿಮರಿ ಬಹುಮಾನ. ಹಳೆಯ ಕಾಲದಲ್ಲಿ ಕೊಟ್ಟಿಗೆಯ ಕಾವಲಿನ ‘ನಿಸ್ಸೆ’ಗೂ ಒಂದು ಬಟ್ಟಲು ಇಡುತ್ತಿದ್ದರು. ಅದಕ್ಕೆ ಕೊಡದಿದ್ದರೆ ದನಗಳಿಗೆ ಕಾಟ ಎಂಬ ನಂಬಿಕೆ. ಅಕ್ಕಿ ಬೆಳೆಯದ ನಾಡಲ್ಲಿ ಅಕ್ಕಿಯ ಪಾಯಸ ಹಬ್ಬಕ್ಕೇ ಮೀಸಲಾಗಿದ್ದ ದುಬಾರಿ ಊಟ. ಉಳಿದದ್ದಕ್ಕೆ ಮಾರನೆಯ ದಿನ ಕಡೆದ ಕೆನೆ ಬೆರೆಸಿ, ಕೆಂಪು ಹಣ್ಣಿನ ರಸ ಸುರಿದು ಸಿಹಿ ಮಾಡುತ್ತಾರೆ.

ಮಿನ್ನೆಸೋಟ ಸೊಸೆ | 25 ಡಿಸೆಂಬರ್

ಮಾಡಿದೆವು. ನಿನ್ನೆ ರಾತ್ರಿ ಹದಿನಾಲ್ಕು ಜನ ಕೂತಿದ್ದರು. ಅತ್ತೆ ಲೆಫ್ಸೆಯನ್ನು ಬೆಳಕಿಗೆ ಹಿಡಿದು ನೋಡಿ, ಏನೂ ಹೇಳದೆ ಬೆಣ್ಣೆ ಸವರಿಕೊಂಡು ತಿಂದರು. ಎರಡನೆಯದಕ್ಕೆ ಕೈ ಚಾಚಿದರು. ಊಟವಾದ ಮೇಲೆ ಎಲ್ಲರೂ ಎದ್ದು ನಿಂತು ಹೇಳುವ ಆ ‘ಟಾಕ್ ಫೋರ್ ಮಾತೆನ್’ ಅನ್ನು ಈ ಸಲ ಅವರು ನನ್ನ ಕಡೆ ತಿರುಗಿ ಹೇಳಿದರು. ಅದಕ್ಕೆ ಕೊಡಬೇಕಾದ ಉತ್ತರ ‘ವೆಲ್ ಬೆಕೊಮ್ಮೆ’ ಎಂದು ಮಗ ಕಲಿಸಿಕೊಟ್ಟ.

ಬಾದಾಮಿ ಮಗಳಿಗೆ ಸಿಕ್ಕಿತು. ಫ್ರೀಜರ್‌ನಲ್ಲಿ ಇನ್ನೂ ಹದಿನೆಂಟು ಲೆಫ್ಸೆ ಇವೆ. ಸ್ತವಾಂಗೆರ್ ಅಣ್ಣ, ಕರಗಿಸುವಾಗ ಬಟ್ಟೆಯಲ್ಲಿ ಸುತ್ತಿಡಬೇಕೋ, ಹಾಗೇ ಇಡಬೇಕೋ? ಸಂಕ್ರಾಂತಿಯ ದಿನ ಎಳ್ಳಿನ ಜೊತೆ ಎರಡೆರಡು ಕೊಡೋಣ ಎಂದು ಮಕ್ಕಳು ಹಟ ಹಿಡಿದಿದ್ದಾರೆ.